ಸೊಪ್ಪಿನ ಕೈಗೆ ಸಿಕ್ಕಿದ ಹೂಗಿಡ

ರಾಮನಗರದಲ್ಲಿ ಬಾಡಿಗೆಗೆ ಕೋಣೆ ಹುಡುಕುತ್ತ ಹೋದ ನನ್ನನ್ನು ಆಕೆ ಗೇಟಿನ ಹೊರಗೇ ನಿಲ್ಲಿಸಿಕೊಂಡು ವಿಚಾರಿಸಿದರು.

"ಬೀಡಿ ಸಿಗರೇಟು ಸೇದ್ತೀರಾ?"

"ಇಲ್ಲ."

"ಸೆಂಟು ಹೊಡ್ಕೋತೀರಾ?"

ಅದೂ ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಗೇಟಿನ ಕಂಬಿಗಳ ನಡುವೆ ಮೂಗು ತಂದು ನನ್ನ ಅಂಗಿಯ ತೋಳನ್ನು ಮೂಸಿದರು. "ಸೋಪಿನ ವಾಸ್ನೆ ಒಸಿ ಜಾಸ್ತಿ ಆಯ್ತು. ಇರ್ಲಿ, ಬನ್ನಿ ಒಳೀಕೆ" ಎಂದು ಚಿಲಕ ತೆಗೆದರು.

ರೇಷ್ಮೆ ಹುಳ ಸಾಕುವ ಮನೆಗೆ ಹೊಗೆ, ಅತ್ತರು, ಊದುಬತ್ತಿ, ಮಲ್ಲಿಗೆ ಯಾವುದೂ ಆಗದು. ವಾಸನೆ ತಾಗಿದರೆ ಹುಳ ಸೊಪ್ಪು ತಿನ್ನುವುದನ್ನು ಬಿಡುತ್ತದೆ ಎನ್ನುತ್ತಾರೆ. ಆದರೆ ಆ ಮನೆಯಲ್ಲಿ ಒಂದು ಹುಳವೂ ಇಲ್ಲ ಎಂಬುದು ನನಗೆ ತಿಳಿದದ್ದು ಮಹಡಿಗೆ ಸಾಮಾನು ಸಾಗಿಸಿದ ಮೇಲೆ. ಹುಳ ಸಾಕುವುದು ನಿಂತು ಬಹಳ ದಿನವಾಗಿತ್ತು. ಮೂಸಿ ನೋಡುವುದು ಮಾತ್ರ ನಿಂತಿರಲಿಲ್ಲ. ಹಾಲಿನವನು, ಗ್ಯಾಸಿನವನು, ಮೀಟರ್ ನೋಡಲು ಬಂದವನು, ಎಲ್ಲರಿಗೂ ಅದೇ ತಪಾಸಣೆ.

ಕಳೆದ ತಿಂಗಳು ಅವರು ತೀರಿಕೊಂಡರು. ನಿಧನವಾರ್ತೆ ಬರೆಯುವುದು ನನ್ನ ಕೆಲಸದ ಭಾಗವಾಗಿತ್ತು. ಹುದ್ದೆ, ಸೇವೆ, ಉಳಿದ ಬಂಧುಗಳು, ಅಂತ್ಯಕ್ರಿಯೆಯ ಸ್ಥಳ. ಆ ಅಚ್ಚಿಗೆ ಹೊಂದುವಂಥ ಸಂಗತಿ ಅವರ ಬದುಕಿನಲ್ಲಿ ಕಡಿಮೆ. ಹಾಗಾಗಿ ಪತ್ರಿಕೆಗೆ ಏನನ್ನೂ ಕಳಿಸಲಿಲ್ಲ. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀದಿಯವರಿಗೆ ಅವರು ಅಕ್ಕೂರಮ್ಮ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಅವರ ತವರು. ಮದುವೆಯಾಗಿ ಬಂದದ್ದು ಬಿಡದಿಯ ಆಚೆ, ಹೆದ್ದಾರಿ ಪಕ್ಕದ ಹಳ್ಳಿಗೆ. ಒಬ್ಬಳೇ ತಂಗಿ, ಸೋದರತ್ತೆಯ ಮಗನನ್ನು ಮದುವೆಯಾಗಿ ಅಕ್ಕೂರಿನಲ್ಲೇ ಉಳಿದಿದ್ದಳು. ಎರಡೂ ಮನೆಗಳಲ್ಲಿ ರೇಷ್ಮೆಯೇ ಕಸುಬು.

ಆ ಕಸುಬಿನಲ್ಲಿ ಅಕ್ಕೂರಮ್ಮನವರಿಗೆ ಒಂದು ಸ್ಥಾನವಿತ್ತು. ಮೊಟ್ಟೆ ಒಡೆದು, ಇರುವೆಗಿಂತ ಚಿಕ್ಕ ಹುಳಗಳು ಹೊರಬಂದ ದಿನ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಅವುಗಳ ಮೇಲೆ ಉದುರಿಸುತ್ತಾರೆ. ಆ ಮೊದಲ ಹಿಡಿ ಯಾರ ಕೈಯಿಂದ ಬೀಳುತ್ತದೋ ಅವರ ಕೈಗುಣ ಬೆಳೆಗೆ ಬರುತ್ತದೆಂದು ಎಣಿಕೆ. ಗಂಡನ ಊರಿನಲ್ಲಿ ಮೊದಲ ಸೊಪ್ಪಿಗೆ ಇವರನ್ನೇ ಕರೆಯುತ್ತಿದ್ದರಂತೆ. ಅಕ್ಕೂರಿನ ತಂಗಿಯಂತೂ ಅಕ್ಕ ಬಾರದೆ ಹುಳದ ತಟ್ಟೆಗೆ ಸೊಪ್ಪು ಹಾಕುತ್ತಲೇ ಇರಲಿಲ್ಲವಂತೆ. ಬಸ್ ತಪ್ಪಿ ಅಕ್ಕ ಬರುವುದು ತಡವಾದರೆ ಹುಳಗಳು ಹಸಿದು ಕಾಯಬೇಕಿತ್ತು.

"ಅದೆಲ್ಲ ಕೈಯಲ್ಲಿರುತ್ತಾ ಅಮ್ಮ?" ಎಂದು ಒಮ್ಮೆ ಕೇಳಿದೆ.

"ಕಾಲಲ್ಲಿರ್ತದಾ ಮತ್ತೆ?" ಎಂದರು.

ನಾನು ಆಗ ಒಂದು ದಿನಪತ್ರಿಕೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸುದ್ದಿ ಕಳಿಸುತ್ತಿದ್ದೆ. ಭೂಸ್ವಾಧೀನದ ನೋಟೀಸು, ಕಾರ್ಖಾನೆಯ ಗುದ್ದಲಿಪೂಜೆ, ಧೂಳೆಬ್ಬಿಸಿಕೊಂಡು ಹೋಗುವ ಟಿಪ್ಪರ್‌ಗಳ ವಿರುದ್ಧ ರಸ್ತೆತಡೆ, ಇವೇ ಆ ವರ್ಷಗಳ ಸುದ್ದಿ. ಅಕ್ಕೂರಮ್ಮನವರಿಗೆ ಓದು ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಬರೆದದ್ದನ್ನು ನನ್ನಿಂದಲೇ ಓದಿಸಿ ಕೇಳುತ್ತಿದ್ದರು. ಒಮ್ಮೆ ಕೈಗಾರಿಕಾ ಪ್ರದೇಶದ ವಿಸ್ತರಣೆಯ ವರದಿ ಓದಿದೆ. ಎಷ್ಟು ಎಕರೆ, ಯಾವ ಯಾವ ಗ್ರಾಮ, ಎಲ್ಲವೂ ಅದರಲ್ಲಿತ್ತು.

"ಅದ್ರಲ್ಲಿ ನಮ್ ಬಾವಿ ಹೊಲ ಎಲ್ ಬತ್ತದೆ?" ಎಂದು ಕೇಳಿದರು.

"ಒಂದೊಂದೇ ಹೊಲದ ಹೆಸರು ಬರೆಯುವುದಿಲ್ಲ ಅಮ್ಮ."

"ಮತ್ತೆ ಓದ್ದೋರಿಗೆ ಏನ್ ಹೋಯ್ತು ಅಂತ ಗೊತ್ತಾಗದು ಹೆಂಗೆ ಪೇಪರ್ನೋರೆ?"

ಅವರ ರೇಷ್ಮೆ ತೋಟ ಆ ಕೈಗಾರಿಕಾ ಪ್ರದೇಶದ ಮೊದಲ ಹಂತದಲ್ಲೇ ಹೋಗಿತ್ತು. ಗಂಡ ಹೆಂಡತಿ ರಾಮನಗರಕ್ಕೆ ಬಂದು ನಿವೇಶನ ಕೊಂಡು ಮನೆ ಕಟ್ಟಿಸಿದರು. ಯಜಮಾನರದು ಮಿತ ಮಾತು. ಏನು ಹೇಳಿದರೂ "ಆಗ್ಲಿ" ಎನ್ನುವರು. ಆಮೇಲೆ ಅದು ಆಗದು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಹಳ್ಳಿಯಿಂದ ಹೊತ್ತು ತಂದು ಕಾಂಪೌಂಡಿಗೆ ಒರಗಿಸಿಟ್ಟಿದ್ದರು. ಸುತ್ತಲಿನ ರೈತರಿಗೆ ಅವನ್ನು ಬಾಡಿಗೆಗೆ ಕೊಡುವುದು ಅವರ ವ್ಯವಹಾರ.

ಗಿಡದ ವಿಷಯ ಇಲ್ಲಿಂದ ಶುರು. ಅಕ್ಕೂರಮ್ಮ ಬೆಂಗಳೂರಿಗೆ ಯಾವುದೋ ಮದುವೆಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದಾಗ ತಮ್ಮ ಹೊಲ ಇದ್ದ ಜಾಗ ಕಂಡಿತು. ಈಗ ಅಲ್ಲಿ ಕಾರ್ಖಾನೆಯ ದೊಡ್ಡ ಗೇಟು. ಗೇಟಿನ ಎರಡೂ ಬದಿಗೆ ಆಳೆತ್ತರದ ಗಿಡಗಳು, ತುದಿ ತುದಿಯಲ್ಲೂ ಗುಲಾಬಿ ಬಣ್ಣದ ಹೂಗೊಂಚಲು. ದಳಗಳು ಇಸ್ತ್ರಿ ಕಾಣದ ರೇಷ್ಮೆ ಬಟ್ಟೆಯ ಹಾಗೆ ಸುಕ್ಕು ಸುಕ್ಕು. ನರ್ಸರಿಯವರು ಅದನ್ನು ಕ್ರೇಪ್ ಗಿಡ ಎನ್ನುತ್ತಾರೆ. ನಮ್ಮ ಕಾಡಿನ ಹೊಳೆದಾಸವಾಳದ ಸಂಬಂಧಿ, ಅದಕ್ಕಿಂತ ಕುಳ್ಳು. ಮಾರನೆಯ ದಿನವೇ ಅವರು ಅಲ್ಲಿಗೆ ಹೋದರು. ಸೆಕ್ಯೂರಿಟಿಯವನು ತಡೆದಾಗ, "ನಿನ್ ಆಫೀಸ್ಗೆ ಯಾರ್ ಬತ್ತಾರಪ್ಪಾ? ನಮ್ಮೊಲ್ದಲ್ಲಿ ಏನ್ ಬೆಳ್ದವ್ರೆ ಅಂತ ನೋಡಕ್ ಬಂದೆ" ಎಂದರಂತೆ. ಆತ ನಕ್ಕು ನಾಲ್ಕಾರು ಕಡ್ಡಿ ಮುರಿದುಕೊಟ್ಟ. ಆ ಹೂವನ್ನೂ ಅವರು ಮೂಸಿ ನೋಡಿದ್ದರು. ವಾಸನೆ ಇಲ್ಲ. "ಹುಳದ್ ಮನೇಗೂ ಆಯ್ತದೆ ಈ ಗಿಡ" ಎಂಬುದು ಅವರ ಮೊದಲ ತೀರ್ಮಾನ.

ರೇಷ್ಮೆ ಕಡ್ಡಿಯನ್ನು, ಅಂದರೆ ಹಿಪ್ಪುನೇರಳೆಯನ್ನು, ನೆಡುವ ಹಾಗೆಯೇ ಕಣ್ಣು ಮೇಲ್ಮುಖವಾಗಿ ಕಾಂಪೌಂಡಿನ ಬದಿಗೆ, ಚಂದ್ರಿಕೆಗಳ ಪಕ್ಕದಲ್ಲಿ ನೆಟ್ಟರು. ಒಂದು ಚಿಗುರಿತು. ಅಲ್ಲಿಂದ ಮುಂದೆ ಅವರು ಅದಕ್ಕೆ ಮಾಡಿದ ಆರೈಕೆಯನ್ನು ನಾನು ಮಹಡಿಯ ಮೆಟ್ಟಿಲಲ್ಲಿ ನಿಂತು ವರ್ಷಗಟ್ಟಲೆ ನೋಡಿದ್ದೇನೆ. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಹಿಡಿ ಯೂರಿಯಾ, ದಿನ ಬಿಟ್ಟು ದಿನ ನೀರು. ಗಿಡ ದಪ್ಪ ಎಲೆಗಳಿಂದ ಕಿಕ್ಕಿರಿದು ಸೊಂಟದೆತ್ತರ ಬರುತ್ತಿತ್ತು. ಬಂದ ಕೂಡಲೇ ಕುಡುಗೋಲು ತಂದು ನೆಲಮಟ್ಟಕ್ಕೆ ಕೊಯ್ದುಬಿಡುತ್ತಿದ್ದರು. ಮತ್ತೆ ಗೊಬ್ಬರ, ಮತ್ತೆ ನೀರು, ಮತ್ತೆ ಕಟಾವು. ಎಲೆ ಬಲಿತರೆ ಹುಳ ತಿನ್ನುವುದಿಲ್ಲವಲ್ಲ. ಹುಳ ಇಲ್ಲದ ಮನೆಯಲ್ಲಿ ಎಲೆ ಬಲಿಯಬಾರದೆಂಬ ಆತುರ!

ಕೊಯ್ದದ್ದನ್ನು ಅಭ್ಯಾಸಬಲದಿಂದ ಹೊರೆ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಎಲ್ಲಿಗೆ ಒಯ್ಯುವುದೆಂದು ತಿಳಿಯದೆ ಜಗಲಿಯ ಮೇಲೆ ಅದರ ಪಕ್ಕ ಸ್ವಲ್ಪ ಹೊತ್ತು ಕೂರುತ್ತಿದ್ದರು. ಕೊನೆಗೆ ಯಾರದೋ ಮೇಕೆಗೆ ಹೋಗುತ್ತಿತ್ತು.

ಹೂ ಮಾತ್ರ ಬರಲಿಲ್ಲ. ಮೊದಲ ವರ್ಷ ಗಿಡ ಎಳೆಯದು ಎಂದುಕೊಂಡರು. ಎರಡನೆಯ ವರ್ಷ ಗೊಬ್ಬರ ಸಾಲದೆಂದುಕೊಂಡು ಇನ್ನಷ್ಟು ಹಾಕಿದರು. ಅದರ ಮುಂದಿನ ವರ್ಷ ಹೂವಿನ ಮಾತೆತ್ತುವುದನ್ನೇ ಬಿಟ್ಟರು. ಎದುರುಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ಎಲ್ಲರೂ ಟೈಲರಮ್ಮ ಎನ್ನುತ್ತಿದ್ದವರು, ಮಿಷನ್ ನಿಲ್ಲಿಸಿ ಕೂಗುತ್ತಿದ್ದರು:

"ಅಕ್ಕೂರಕ್ಕ, ಯಾವಾಗ್ ಮುಡಿಸ್ತೀಯ ನಂಗೆ ಹೂವ?"

"ನಿನ್ ಜಡೆ ಮೊದ್ಲು ಬೆಳೀಲಿ ತಡ್ಕೊ."

"ಜಡೆ ನರೀತದೆ, ನಿನ್ ಗಿಡ ಹೂ ಬಿಡಕಿಲ್ಲ!"

ಅಕ್ಕೂರಮ್ಮ ನಗುತ್ತಿದ್ದರು. ಆ ನಗೆಯ ಹಿಂದೆ ಏನಿತ್ತು ಎಂಬುದು ತಂಗಿ ಬಂದ ದಿನ ತಿಳಿಯಿತು.

ಅಕ್ಕೂರಿನಲ್ಲಿ ಬೆಳೆ ಕೈಕೊಟ್ಟಿತ್ತು. ಒಂದರ ಹಿಂದೆ ಒಂದು ಬೆಳೆಯಲ್ಲಿ ಹುಳಗಳು ಕೊನೆಯ ಹಂತದಲ್ಲಿ ಮೆತ್ತಗಾಗಿ ಸತ್ತು, ತಿಪ್ಪೆಗೆ ಸುರಿಯಬೇಕಾಗಿತ್ತು. ಆ ಬೆಳೆಗಳಿಗೆ ಅಕ್ಕ ಹೋಗಿರಲಿಲ್ಲ. ಏನಾದರೂ ನೆಪ ಹೇಳಿ ತಪ್ಪಿಸಿಕೊಂಡಿದ್ದರು; ಮೊದಲ ಸೊಪ್ಪನ್ನು ತಂಗಿ ನೆರೆಯವರಿಂದ ಹಾಕಿಸಿದ್ದಳು. ತಂಗಿ ಕರೆಯಲು ತಾನೇ ಬಂದಳು. ಜಗಲಿಯಲ್ಲಿ ಅವರಿಬ್ಬರ ಮಾತು ನಡೆಯುತ್ತಿದ್ದಾಗ ನಾನು ಮೆಟ್ಟಿಲಿಳಿದು ಬರುತ್ತಿದ್ದೆ. ಯಾರೂ ದನಿ ತಗ್ಗಿಸಲಿಲ್ಲ.

"ಇದೊಂದ್ ಬೆಳೆ ಆಗ್ದೆ ಹೋದ್ರೆ ಕಡ್ಡಿಯೆಲ್ಲ ಕಿತ್ತಾಕಿ ಇಟ್ಟಿಗೆ ಗೂಡಿಗೆ ಮಣ್ಣು ಕೊಟ್ಬುಡ್ತೀನಿ ಅಂತ ಕುಂತವ್ರೆ ನಮ್ಮೋರು" ಎಂದಳು ತಂಗಿ. "ನೀನ್ ಬಂದು ಒಂದ್ ಹಿಡಿ ಹಾಕೋಗು ಅಕ್ಕ. ಅಷ್ಟೇ ಕೇಳ್ತಿರೋದು."

"ನಾ ಬರಕಿಲ್ಲ."

"ಯಾಕಕ್ಕ?"

ಅಕ್ಕೂರಮ್ಮ ಕಾಂಪೌಂಡಿನ ಕಡೆ ಗದ್ದ ಎತ್ತಿ ತೋರಿಸಿದರು. "ಅದ್ ನೋಡು. ನಮ್ಮೊಲದ್ ಮಣ್ಣಲ್ಲಿ ಯಾರೋ ನೆಟ್ಟಿದ್ದು ಆ ಪಾಟಿ ಹೂ ಬಿಟ್ಟೈತೆ. ಅದ್ರದ್ದೇ ಕಡ್ಡಿ. ನನ್ ಕೈಗ್ ಬಂದು ಒಂದ್ ಮೊಗ್ಗೂ ಇಲ್ಲ. ಕೈ ಹೋಯ್ತು ಕಣವ್ವ. ಈ ಕೈಯಲ್ಲಿ ಬಂದು ನಿನ್ ಹುಳದ್ ಮೇಲೆ ಸೊಪ್ಪು ಹಾಕ್ಲಾ? ನಾಳೆ ಆ ಪಾಪಾನೂ ನನಗೆ ಬೇಕಾ?"

ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೊನೆಯ ಬಸ್ಸಿಗೆ ಹೋದಳು.

ಹುಳ ಸಾಯುವುದಕ್ಕೆ ಕಾರಣಗಳು ಬೇರೆ ಇರುತ್ತವೆ. ಬಿಸಿಲು, ಮನೆಯೊಳಗಿನ ತೇವ, ಹಿಂದಿನ ಬೆಳೆಯ ರೋಗ ತಟ್ಟೆಗಳಲ್ಲಿ ಉಳಿದಿರುವುದು. ಗಿಡ ಹೂ ಬಿಡದಿರುವುದಕ್ಕೂ ಇರಬೇಕು ಅನ್ನಿಸಿ, ಮಾಹಿತಿ ಖಚಿತಪಡಿಸಿಕೊಳ್ಳುವ ಅಭ್ಯಾಸದಂತೆ, ಪರಿಚಯದ ತೋಟಗಾರಿಕೆ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಸರಳವಾಗಿತ್ತು. ಆ ಗಿಡಕ್ಕೆ ದಿನದ ಬಹುಪಾಲು ನೇರ ಬಿಸಿಲು ಬೇಕು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಚಳಿಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಸವರಿ, ಆಮೇಲೆ ಕೈ ಹಚ್ಚಬಾರದು. ನೆಲಮಟ್ಟಕ್ಕೆ ಕೊಯ್ಯುವುದೂ ಬೇಡ, ಒಣಗಿದ್ದು, ಒಂದಕ್ಕೊಂದು ತಾಕುವುದು, ಬುಡದಿಂದ ಏಳುವ ಬಡಕಲು ಚಿಗುರು, ಇಷ್ಟನ್ನು ತೆಗೆದರೆ ಸಾಕು. ಗೊಬ್ಬರ ಹೆಚ್ಚಾದರೆ, ಅದರಲ್ಲೂ ಯೂರಿಯಾ, ಬರೀ ಎಲೆ. ಬೇರೂರಿದ ಗಿಡಕ್ಕೆ ನೀರು ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಂತೆ.

ಇದನ್ನೆಲ್ಲ ಅಕ್ಕೂರಮ್ಮನವರಿಗೆ ಹೇಳಿದೆ. ಕೊನೆಯವರೆಗೂ ಕೇಳಿದರು.

"ಅವ್ರು ಹುಳ ಸಾಕವ್ರಾ?"

"ಇಲ್ಲ. ಅವರದು ತೋಟಗಾರಿಕೆ."

"ಅಂಗಾರೆ ಬುಡಿ. ಗೊಬ್ಬರ ಹಾಕ್ದೆ ಇದ್ರೆ ಗಿಡ ಹೂ ಬುಡ್ತದೆ ಅಂದೋರ್ನ ನಾ ಇವತ್ತೇ ಕೇಳಿದ್ದು."

ಅಲ್ಲಿಗೆ ಆ ಮಾತು ಮುಗಿಯಿತು. ತಿಳಿದದ್ದನ್ನು ಹೇಳುವುದು ನನ್ನ ಕೆಲಸ, ಒಪ್ಪಿಸುವುದಲ್ಲ ಎಂದು ನಾನೂ ಸುಮ್ಮನಾದೆ. ಅಕ್ಕೂರಿನ ಆ ಬೆಳೆ ಹಾಗೂ ಹೀಗೂ ದಡ ಸೇರಿತು. ಗೂಡು ತೆಳ್ಳಗೆ, ಮಾರುಕಟ್ಟೆಯಲ್ಲಿ ಯಾರೂ ತಿರುಗಿ ನೋಡದಂಥದ್ದು. ತಂಗಿಯ ಗಂಡ ಕಡ್ಡಿ ಕೀಳುವುದನ್ನು ಮುಂಗಾರಿನವರೆಗೆ ಮುಂದೂಡಿದ.

ಸಂಕ್ರಾಂತಿ ಕಳೆದ ವಾರ ಅಕ್ಕೂರಮ್ಮ ಎಂದಿನಂತೆ ಗಿಡ ಕೊಯ್ದರು. ಹೊರೆ ಎತ್ತಿಕೊಂಡು ಜಗಲಿ ಹತ್ತುವಾಗ ಕಾಲು ಜಾರಿತು. ಪಾದದ ಮೂಳೆ ಮುರಿದು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು; ವಯಸ್ಸಿಗೆ ಮೂಳೆ ಬೇಗ ಕೂಡದೆ ಬೇಸಿಗೆಯವರೆಗೂ ಅದನ್ನು ತೆಗೆಯಲಾಗಲಿಲ್ಲ. ನೆಲಕ್ಕೆ ಕಾಲೂರಬಾರದೆಂದು ಡಾಕ್ಟರ ಕಟ್ಟಪ್ಪಣೆ. ಜಗಲಿಯ ಮೇಲೆ ಕುರ್ಚಿ, ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಕಾಲು. ಅಲ್ಲಿಂದಲೇ ಸಂಸಾರ ನಡೆಸಿದರು.

"ಗಿಡುಕ್ಕೆ ಗೊಬ್ಬರ ಹಾಕಿ."

"ಆಗ್ಲಿ" ಎನ್ನುವರು ಯಜಮಾನರು.

"ನೀರ್ ಬುಡಿ."

"ಆಗ್ಲಿ."

"ಕೊಯ್ಯೋ ಹದಕ್ಕೆ ಬಂದೈತೆ ಕಣ್ರೀ, ಎಲೆ ಬಲ್ತೋಯ್ತದೆ!"

"ಆಗ್ಲಿ, ಆಗ್ಲಿ."

ಯಜಮಾನರು ಒಂದನ್ನೂ ಮಾಡಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ. ಆ ಬೇಸಿಗೆಯಲ್ಲಿ ಕಾಂಪೌಂಡಿಗೆ ಒರಗಿಸಿದ್ದ ಚಂದ್ರಿಕೆಗಳನ್ನೆಲ್ಲ ಮಾಗಡಿ ಕಡೆಯ ರೈತನೊಬ್ಬನಿಗೆ ಒಟ್ಟಿಗೆ ಬಾಡಿಗೆಗೆ ಕೊಟ್ಟರು. ಗೋಡೆಯ ಬುಡ ಬಯಲಾಯಿತು. ಅಷ್ಟು ವರ್ಷ ಮಧ್ಯಾಹ್ನದ ನಂತರ ನೆರಳಲ್ಲಿರುತ್ತಿದ್ದ ಗಿಡದ ಮೇಲೆ ಸಂಜೆಯವರೆಗೂ ಬಿಸಿಲು ಬಿತ್ತು.

ಗಿಡ ಸೊಂಟ ದಾಟಿತು, ಎದೆ ದಾಟಿತು. ಎಲೆ ಗಟ್ಟಿಯಾಗಿ ಬಣ್ಣ ಕಪ್ಪಿಟ್ಟಿತು. ಕಾಂಡದ ತೊಗಟೆ ಅಲ್ಲಲ್ಲಿ ಸುಲಿದು ಒಳಗಿನ ನುಣುಪು ಕಾಣಿಸಿತು. ಯುಗಾದಿ ಕಳೆದು ಬಿಸಿಲು ಏರಿದಾಗ ರೆಂಬೆಗಳ ತುದಿಯಲ್ಲಿ ಮೆಣಸಿನ ಕಾಳಿನಂಥ ಮೊಗ್ಗುಗಳ ಗೊಂಚಲು. ಬಸವಜಯಂತಿಯ ಹೊತ್ತಿಗೆ ಗಿಡ ಪೂರ್ತಿ ಗುಲಾಬಿ.

ಅಕ್ಕೂರಮ್ಮ ಸಂತೋಷಪಡುವರೆಂದು ನಾನು ಅಂದುಕೊಂಡಿದ್ದೆ. ಎದುರುಮನೆಯ ಟೈಲರಮ್ಮ ಒಳಗೆ ಬಂದು ಗಿಡದ ಸುತ್ತ ಒಂದು ಸುತ್ತು ಹಾಕಿ, ಸೊಂಟಕ್ಕೆ ಕೈಕೊಟ್ಟು ಹೇಳಿದರು: "ನೋಡ್ದಾ ಅಕ್ಕೂರಕ್ಕ? ನೀನ್ ಮುಟ್ದೆ ಇದ್ರೆ ಚೆಂದಾಗಿ ಹೂ ಬಿಡ್ತದೆ ಕಣೆ ಇದು!"

ತಮಾಷೆಯ ಮಾತು. ಬೇರೆ ದಿನವಾಗಿದ್ದರೆ ಅಕ್ಕೂರಮ್ಮನೂ ಒಂದಕ್ಕೆ ಎರಡು ಕೊಡುತ್ತಿದ್ದರು. ಆ ದಿನ ಸಂಜೆ ಯಜಮಾನರಿಂದ ಕುರ್ಚಿಯನ್ನು ಒಳಗೆ ಹಾಕಿಸಿಕೊಂಡರು. ಆಮೇಲೆ ಕೆಲವು ದಿನ ಜಗಲಿಗೆ ಬರಲಿಲ್ಲ. ಪೇಪರ್ ಓದಲು ಕರೆಯಲಿಲ್ಲ. ಯಜಮಾನರು ಒಮ್ಮೆ ಮೆಟ್ಟಿಲ ಬಳಿ ನಿಂತು, "ಊಟ ಸರಿಯಾಗ್ ಮಾಡ್ತಿಲ್ಲ" ಎಂದಷ್ಟೇ ಹೇಳಿ ಹೋದರು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ಅವರೇ ಕೂಗಿದರು. ಇಳಿದು ಹೋದೆ. ಜಗಲಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಆ ಗಿಡದ ಒಂದು ರೆಂಬೆ, ಹೂವಿನ ಸಮೇತ. ಹೂವನ್ನು ಪಕ್ಕಕ್ಕೆ ಬಾಗಿಸಿ ಎಲೆಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕುತ್ತಿದ್ದರು, ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗು ನೋಡುವ ಹಾಗೆ.

"ಮುಟ್ಟಿ ನೋಡಿ ಪೇಪರ್ನೋರೆ."

ಮುಟ್ಟಿದೆ. ಗಡುಸಾಗಿತ್ತು.

"ಇದ್ನ ಯಾವ್ ಹುಳ ತಿಂತದೆ? ಹಲ್ ಮುರ್ಕೋತದೆ. ಹೋದ್ ವರ್ಷ ನಾನ್ ಕೊಯ್ತಿದ್ ಸೊಪ್ಪು ಹೆಂಗಿತ್ತು ಗ್ಯಾಪಕ ಐತಾ? ಎಳೆ ಬೆಣ್ಣೆ. ಕೈಗ್ ತಣ್ಣಗೆ ಹತ್ತೋದು."

"ಹೌದು."

"ನಮ್ಮ ಕಡ್ಡಿ ತೋಟ್ದಲ್ಲಿ ಹೂ ಕಾಣುಸ್ಕಂಡ್ರೆ ನಮ್ಮತ್ತೆ ಬೈಯೋರು. ಸೊಪ್ಪು ಕೆಡ್ತು ಅಂತ. ನೀರು ಗೊಬ್ಬರ ಸಾಲ್ದೆ ಹೋದ್ರೆ, ಕಟಾವು ತಡ ಆದ್ರೆ ಹೂ ಬರೋದು. ನಾನ್ ಮದ್ವೆಯಾಗ್ ಬಂದಾಗಿಂದ ಮಾಡಿರೋ ಕೆಲ್ಸ ಏನು ಹೇಳಿ? ಹೂ ಬರ್ದಂಗೆ ನೋಡ್ಕಂಡಿದ್ದು. ಸೊಪ್ಪು ಬರ್ಸಿದ್ದು." ರೆಂಬೆಯನ್ನು ಕೆಳಗಿಟ್ಟರು. "ಈ ಗಿಡುಕ್ಕೂ ಅದ್ನೇ ಮಾಡ್ದೆ. ಅದು ಸೊಪ್ಪೇ ಕೊಡ್ತು. ಇಷ್ಟ್ ವರ್ಷ ಒಂದ್ ಸಲಾನೂ ತಪ್ಪುಸ್ಲಿಲ್ಲ. ಸೊಪ್ಪು ಕೇಳುದ್ ಕೈಗೆ ಸೊಪ್ಪು ಕೊಡ್ತು. ಅಂಗಾರೆ ಕೈ ಎಲ್ಲೋಗೈತೆ?"

ಅವರು ಕೇಳಿದ್ದು ನನ್ನನ್ನಲ್ಲ.

"ನಿಮ್ ಆಫೀಸರ್ರು ಹೇಳುದ್ದು ಸರೀನೇ" ಎಂದರು. "ಆದ್ರೆ ಗಿಡ ಯಾಕ್ ಹೂ ಬುಡ್ಲಿಲ್ಲ ಅಂತ ಹೇಳುದ್ರೇ ಹೊರ್ತು, ನಾನ್ ಏನ್ ಮಾಡ್ತಿದ್ದೆ ಅಂತ ಹೇಳ್ಲಿಲ್ಲ."

ಅಂದೇ ನನ್ನ ಮೊಬೈಲಿನಿಂದ ಅಕ್ಕೂರಿಗೆ ಮಾತಾಡಿದರು. ಮಳೆ ಹಿಡಿದ ಮೇಲೆ ಮೊಟ್ಟೆ ತರಿಸು, ಬತ್ತೀನಿ ಎಂದರು. ಆಚೆಯಿಂದ ತಂಗಿ ಏನು ಹೇಳಿದಳೋ, ಇವರು "ಅಳ್ಬೇಡ, ಮನೆ ತೊಳೆ. ಗೋಡೆಗೆ ಸುಣ್ಣ ಹೊಡ್ಸು. ತಟ್ಟೆಯೆಲ್ಲ ಬಿಸ್ಲಿಗಾಕು" ಎಂದು ಗದರಿದರು.

ಜೂನ್ ತಿಂಗಳಲ್ಲಿ ಕರೆ ಬಂತು. ಕುಂಟುವ ಕಾಲಿನಲ್ಲಿ ಬಸ್ ಹತ್ತುವುದು ಬೇಡವೆಂದು ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಹೊರಡುವ ಮುನ್ನ ನನ್ನ ತಲೆಯನ್ನು ಮೂಸಿ, ಕೂದಲಿಗೆ ಹಚ್ಚಿದ್ದ ಎಣ್ಣೆಯನ್ನು ತೊಳೆದು ಬರುವಂತೆ ವಾಪಸು ಕಳಿಸಿದರು. ಅಕ್ಕೂರಿನ ಮನೆಯ ಹೊಸ್ತಿಲಲ್ಲಿ, "ನೀವ್ ಇಲ್ಲೇ. ಒಳೀಕ್ ಬರಂಗಿಲ್ಲ" ಎಂದರು. ಹಾಗಾಗಿ ನಾನು ಕಂಡದ್ದು ಬಾಗಿಲಿನಿಂದ ಕಾಣುವಷ್ಟು ಮಾತ್ರ.

ತಂಗಿಯ ಗಂಡ ತೋಳು ಕಟ್ಟಿಕೊಂಡು ಗೋಡೆಗೆ ಒರಗಿದ್ದ. "ಅಕ್ಕ, ಇದೇ ಕಡೆ ಬೆಳೆ. ನಾ ಮೊದ್ಲೇ ಹೇಳಿವ್ನಿ" ಎಂದ.

"ಕಡೇದ್ಕೆ ಸೊಪ್ಪಾಕಕ್ಕೆ ಇಷ್ಟ್ ದೂರ ಬಂದಿಲ್ಲ ನಾನು. ಒಸಿ ಅತ್ಲಾಗ್ ನಿಂತ್ಕೊಳಪ್ಪ, ಗಾಳಿ ಆಡ್ಲಿ."

ಕೈ ತೊಳೆದುಕೊಂಡರು. ಹೆಚ್ಚಿದ ಸೊಪ್ಪನ್ನು ಹಿಡಿಯಲ್ಲಿ ತೆಗೆದುಕೊಂಡು ತಟ್ಟೆಯ ಮೇಲೆ ಉದುರಿಸಿದರು. ಬೆರಳುಗಳ ಸಂದಿಯಿಂದ ಅದು ಒಂದೇ ಸಮ ಬಿತ್ತು. ಬಗ್ಗಿ ನೋಡಿದರು. ಕಾಯ್ದರು. ಕಪ್ಪು ಎಳ್ಳಿನಂಥವು ಒಂದೊಂದಾಗಿ ಸೊಪ್ಪಿನ ಮೇಲೆ ಹತ್ತಿರಬೇಕು, ಅವರ ಭುಜ ಸಡಿಲವಾಯಿತು. ಆಮೇಲೆ ತಂಗಿಯ ಮುಂಗೈ ಹಿಡಿದು ಎಳೆದು, ಅವಳ ಅಂಗೈಗೆ ಸೊಪ್ಪು ಸುರಿದರು.

"ಎರಡ್ನೇ ತಟ್ಟೆ ನೀನಾಕು."

"ನಾನಾ? ಬೇಡ ಅಕ್ಕ!"

"ಯಾಕ್ ಬ್ಯಾಡ? ನನ್ ಕಾಲ್ ಮುರೀತು ಅಂತ ನಿನ್ ಹುಳ ಉಪಾಸ ಇರ್ಬೇಕಾ? ಈ ಸೊಪ್ಪು ಬೆಳ್ದಿರೋದು ಯಾರು? ನೀನು. ನನ್ ಕೈ ಎಂಥದ್ದು ಅಂತ ನಾನ್ ಒಂದ್ ಗಿಡ ನೋಡಿ ತಿಳ್ಕಂಡೆ. ನಿಂದು ಇಲ್ಲಿ ತೋಟನೇ ಐತೆ. ಹಾಕು."

ತಂಗಿ ಹಾಕಿದಳು. ಒಂದು ಕಡೆ ಗುಪ್ಪೆ ಬಿತ್ತು. ಅಕ್ಕ ಅದನ್ನು ಸರಿಮಾಡಲಿಲ್ಲ.

ಆ ಬೆಳೆ ಚೆನ್ನಾಗಿ ಬಂತು. ಆ ಸಲ ಮಳೆ ಹದವಾಗಿತ್ತು, ಮನೆಗೆ ಸುಣ್ಣ ಬಿದ್ದಿತ್ತು, ತಟ್ಟೆಗಳಿಗೆ ಬಿಸಿಲು ಬಿದ್ದಿತ್ತು. ಯಾವುದರಿಂದ ಆಯಿತೆಂದು ನಾನು ಬರೆಯಲಾರೆ. ತಂಗಿಯ ಗಂಡ ಕಡ್ಡಿ ಕೀಳುವ ಮಾತು ಮತ್ತೆ ಎತ್ತಲಿಲ್ಲ. ಅಕ್ಕೂರಮ್ಮ ಮೊದಲ ಸೊಪ್ಪಿಗೆಂದು ಅಲ್ಲಿಗೆ ಹೋದದ್ದು ಅದೇ ಕೊನೆ. ಆಮೇಲಿನ ಬೆಳೆಗಳಿಗೆ ತಂಗಿ ಕರೆದರೂ, "ನೀನೇ ಹಾಕು, ಆಮೇಲ್ ಊಟಕ್ ಬತ್ತೀನಿ" ಎನ್ನುತ್ತಿದ್ದರು.

ಕ್ರೇಪ್ ಗಿಡದ ವಿಷಯದಲ್ಲಿ ಅವರು ಕಲಿತದ್ದು ಸುಮ್ಮನೆ ಕೂರುವುದನ್ನು. ಅದು ಅವರಿಗೆ ಕಷ್ಟದ ಕೆಲಸ. ಸಂಕ್ರಾಂತಿಯ ಸುಮಾರಿಗೆ ಒಮ್ಮೆ ಮೇಲೆ ಮೇಲೆ ಸವರುವರು. ಯೂರಿಯಾ ನಿಂತಿತು. ಚಂದ್ರಿಕೆಗಳು ಹಿತ್ತಲಿಗೆ ಹೋದವು. ಮಳೆಗಾಲದಲ್ಲಿ ಎಲೆಯ ಮೇಲೆ ಬಿಳಿ ಪುಡಿ ಕಂಡಾಗ ನನ್ನನ್ನು ಕೇಳಲಿಲ್ಲ. "ಬೂದಿ ರೋಗ. ನಮ್ ಕಡ್ಡಿಗೂ ಬತ್ತದೆ. ಗಾಳಿ ಆಡಲ್ಲ ಒಳಗೆ" ಎಂದು ನಡುವಿನ ರೆಂಬೆ ತೆಗೆದರು. ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಕತ್ತರಿಸಿದರೆ ಮತ್ತೊಮ್ಮೆ ಹೂ ಬರುತ್ತದೆ ಎಂದು ಅಧಿಕಾರಿ ಹೇಳಿದ್ದನ್ನು ನೆನಪಿಸಿದಾಗ ಮುಖ ಅರಳಿತು. "ಅಷ್ಟಾದ್ರೂ ಕೊಯ್ಯಕ್ಕೆ ಬುಟ್ಟವ್ರಲ್ಲ" ಎಂದು ಕತ್ತರಿ ತರಲು ಎದ್ದರು. ಶ್ರಾವಣದಲ್ಲಿ ಗಿಡ ಎರಡನೆಯ ಸಲ ಹೂ ಬಿಟ್ಟಿತು.

ನಾನು ಕೆಲಸದ ಮೇಲೆ ಬೇರೆ ಊರಿಗೆ ಹೋದ ಮೇಲೂ ಸಂಪರ್ಕ ತಪ್ಪಲಿಲ್ಲ. ಫೋನಿನಲ್ಲಿ ಅವರ ಮೊದಲ ಪ್ರಶ್ನೆ, "ಈಗ ಎಲ್ ಮನೆ ಮಾಡಿದ್ದೀರ? ಮನೆ ಮುಂದೆ ಏನೈತೆ?"

ಕಳೆದ ತಿಂಗಳು ಸುದ್ದಿ ತಿಳಿಸಿದ್ದು ತಂಗಿ. ಗಂಡನ ಮನೆಯ ಹಿರಿಯರನ್ನೆಲ್ಲ ಸ್ವಂತ ಹೊಲದಲ್ಲಿ ಮಣ್ಣು ಮಾಡಿದ ವಂಶ ಅದು. ಆ ಹೊಲ ಈಗ ಕಾರ್ಖಾನೆಯ ಕಾಂಪೌಂಡಿನೊಳಗೆ. ಎಲ್ಲಿ ಎಂಬ ಪ್ರಶ್ನೆ ಬಂದಾಗ ತಂಗಿಯ ಗಂಡ, "ನಮ್ ಕಡ್ಡಿ ತೋಟದ್ ಬದಿಗೆ ಜಾಗ ಐತೆ" ಎಂದನಂತೆ. ನಾನು ಅಕ್ಕೂರು ತಲುಪಿದಾಗ ಎಲ್ಲ ಮುಗಿದಿತ್ತು. ಜನ ಅಂಗಳದಲ್ಲಿ ಕುಳಿತಿದ್ದರು. ಯಜಮಾನರು ಕಂಬಕ್ಕೆ ಒರಗಿ ಕೂತಿದ್ದರು. ತಂಗಿ ಹೆಂಗಸರ ನಡುವೆ.

ಮನೆಯೊಳಗೆ ಹುಳಗಳು ಕೊನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟು ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಅವುಗಳ ಹಸಿವು ದೊಡ್ಡದು. ಒಂದು ಹೊತ್ತು ತಪ್ಪಿದರೂ ಬೆಳೆ ಹಿಂದೆ ಬೀಳುತ್ತದೆ. ತಂಗಿ ಎದ್ದಳು. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆ ಬದಲಿಸಿ, ತೋಟದಿಂದ ಬಂದ ಸೊಪ್ಪಿನ ಹೊರೆಯತ್ತ ಹೋದಳು.

ಹಿರಿಯರೊಬ್ಬರು ತಡೆದರು. "ಸೂತಕ ಕಣವ್ವ. ಹುಳ ಮುಟ್ತಾರಾ? ಜನ ಏನಂದಾರು? ಅಕ್ಕನ್ನ ಈಗ್ ತಾನೆ ಮಣ್ಣು ಮಾಡಿ ಬಂದಿದ್ದೀವಿ."

"ಹಸ್ಕಂಡವೆ ದೊಡ್ಡಪ್ಪ" ಎಂದಳು ತಂಗಿ. "ಬೆಳಿಗ್ಗೆಯಿಂದ ಹಾಕಿಲ್ಲ."

"ಬೇರೆ ಯಾರಾರ ಹಾಕ್ತಾರೆ ಬುಡು."

"ಯಾಕೆ? ನನ್ ಕೈಗೆ ಏನಾಗೈತೆ?"

ಅವಳು ಹೊರೆ ಎತ್ತಿಕೊಂಡು ಒಳಗೆ ಹೋದಳು. ಗಂಡ ಎದ್ದು ಬಾಗಿಲು ಹಿಡಿದು ನಿಂತ, ಬೇರೆ ಯಾರೂ ಒಳಗೆ ಹೋಗದ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಹುಳಗಳು ಸೊಪ್ಪು ಕಡಿಯುವ ಸದ್ದು ಎದ್ದಿತು. ತಟ್ಟೆಯಿಂದ ತಟ್ಟೆಗೆ ಹರಡಿ ಅದು ಅಂಗಳಕ್ಕೂ ಕೇಳಿಸಿದಾಗ, ಹೊರಗೆ ಕುಳಿತವರು ಮಾತು ನಿಲ್ಲಿಸಿದರು.